ಪೆನ್ಸಿಲ್ ಕಡ್ಡಿಯ ಪ್ರೊಫೆಸರ್

ಪೆನ್ಸಿಲ್ ಒಳಗಿನ ಕಪ್ಪು ಕಡ್ಡಿ ನೋಡಿದ್ದೀರಲ್ಲ? ಅದರಲ್ಲಿರೋದು ಗ್ರಾಫೈಟ್. ಅದೂ ಇಂಗಾಲವೇ, ನಮ್ಮ ಒಲೆಯ ಇದ್ದಿಲಿನ ಹಾಗೆ.

ಅಮೆರಿಕದ ಮಿಲ್ಡ್ರೆಡ್ ಡ್ರೆಸೆಲ್‌ಹೌಸ್ ಇದನ್ನೇ ಪರೀಕ್ಷಿಸುತ್ತಾ ಬಾಳು ಕಳೆದರು. 1930ರಲ್ಲಿ ನ್ಯೂಯಾರ್ಕಿನ ಬಡವರ ಮನೆಯಲ್ಲಿ ಹುಟ್ಟಿದರು. ಟೀಚರ್ ಆಗೋಣ ಅಂತ ಕಾಲೇಜು ಸೇರಿದರು. ಅಲ್ಲಿ ಪಾಠ ಹೇಳುತ್ತಿದ್ದ ರೊಸಾಲಿನ್ ಯಾಲೊ ಅವರು ವಿಜ್ಞಾನ ಓದಲು ಹುರಿದುಂಬಿಸಿದರು. 1958ರಲ್ಲಿ ಡಾಕ್ಟರೇಟ್ ಬಂತು.

ನಾಲ್ಕು ಮಕ್ಕಳಾದವು. ಪ್ರಯೋಗಶಾಲೆಗೆ ಅರ್ಧ ಗಂಟೆ ತಡವಾಗುತ್ತಿತ್ತು. ಮಕ್ಕಳಿರುವ ಮನೆಯಲ್ಲಿ ಯಾರಿಗೆ ತಡವಾಗಲ್ಲ ಹೇಳಿ? ಆದರೂ ಮಾತು ಕೇಳಬೇಕಾಯಿತು. ಕೆಲಸ ಮಾತ್ರ ಬಿಡಲಿಲ್ಲ.

ಗ್ರಾಫೈಟನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟು ಬೆಳಕು ಬಿಡುತ್ತಿದ್ದರು. ತಿರುಗಿ ಬಂದ ಬೆಳಕನ್ನು ಅಳೆದರೆ, ಒಳಗೆ ಕರೆಂಟು ಹೊರುವ ಸಣ್ಣ ಕಣಗಳ ನಡತೆ ತಿಳಿಯುತ್ತೆ.

1968ರಲ್ಲಿ ಎಂ.ಐ.ಟಿ. ಎಂಬ ದೊಡ್ಡ ವಿದ್ಯಾಸಂಸ್ಥೆಯಲ್ಲಿ ಕಾಯಂ ಪ್ರೊಫೆಸರ್ ಆದರು. 2017ರಲ್ಲಿ ತೀರಿಕೊಂಡರು. ವಿಜ್ಞಾನಿಗಳು ಅವರನ್ನು ‘ಇಂಗಾಲದ ರಾಣಿ’ ಅಂತಲೇ ಕರೀತಾರೆ.