ನಕಾಶೆಯಲ್ಲಿ ದಾರಿ ಇದೆಯೇ?

ಪ್ರಶ್ನೆ: ಬರುವ ವರ್ಷ ನನಗೆ ನಿವೃತ್ತಿ. ಮಾಗಡಿಯಿಂದಾಚೆ ಒಂದು ಹಳ್ಳಿಯಲ್ಲಿ 20 ಗುಂಟೆ ನೋಡಿದ್ದೇವೆ. ಸುತ್ತ ಮಾವಿನ ತೋಪು, ಹಕ್ಕಿಗಳ ಕೂಗು ಬಿಟ್ಟರೆ ಸದ್ದೇ ಇಲ್ಲ. ನಮ್ಮದು ರೈತ ಕುಟುಂಬವಲ್ಲ. ಕೊಳ್ಳಬಹುದೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಕೊಳ್ಳಬಹುದು. ರೈತರಲ್ಲದವರನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದವು. ಆದರೆ ಆ ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂದು ಮೂಲ ದಾಖಲೆ ತೆಗೆಸಿ ನೋಡಿ. ಆಗಿದ್ದರೆ, ಸರ್ಕಾರದ ಅನುಮತಿಯಿಲ್ಲದ ಕ್ರಯ 1978ರ ಪಿಟಿಸಿಎಲ್ ಕಾಯ್ದೆಯೆದುರು ನಿಲ್ಲದು.

ನಿಮ್ಮ ಪತ್ರದಲ್ಲಿ ಹಕ್ಕಿಯ ಮಾತಿದೆ, ದಾರಿಯ ಮಾತಿಲ್ಲ. ಕಾರು ಜಮೀನಿನವರೆಗೆ ಹೋಯಿತು ಎಂದರೆ ದಾರಿಯಿದೆ ಎಂದಲ್ಲ. ಪಕ್ಕದ ಹೊಲದವರು ಸುಮ್ಮನಿದ್ದಾರೆ ಎಂದಷ್ಟೇ. ಅವರು ನಾಳೆ ಮಾರಿದರೆ, ಕೊಂಡವನು ಗೇಟು ಹಾಕುತ್ತಾನೆ. ಗ್ರಾಮ ನಕಾಶೆ ತರಿಸಿ. ಜೋಡಿ ಚುಕ್ಕೆಗೆರೆ ಬಂಡಿದಾರಿ, ಒಂಟಿ ಗೆರೆ ಕಾಲುದಾರಿ. ಅದು ನಿಮ್ಮ ಸರ್ವೆ ನಂಬರನ್ನು ಮುಟ್ಟುತ್ತದೆಯೇ? ಮುಟ್ಟದಿದ್ದರೆ ಪಕ್ಕದವರಿಂದ ದಾರಿಹಕ್ಕನ್ನು ಬರೆಸಿ ನೋಂದಣಿ ಮಾಡಿಸಿ. 'ಎಷ್ಟೋ ವರ್ಷದಿಂದ ಓಡಾಡ್ತಿದ್ದೀವಿ' ಎಂಬ ಮಾರುವವರ ಮಾತಿಗೆ ಮರುಳಾಗಬೇಡಿ. ರೂಢಿಯ ಹಕ್ಕಿಗೆ 1882ರ ಈಸ್‌ಮೆಂಟ್ ಕಾಯ್ದೆ ಕೇಳುವುದು 20 ವರ್ಷ ತಡೆಯಿಲ್ಲದೆ, ಹಕ್ಕೆಂದು ನಡೆದ ಬಳಕೆ. ಕೇಳಿಕೊಂಡು ಓಡಾಡಿದ್ದು ಲೆಕ್ಕಕ್ಕಿಲ್ಲ.

ನೀರಿನ ವಿಚಾರ: ಏಪ್ರಿಲ್‌ನಲ್ಲಿ ಹೋಗಿ, ಅಕ್ಕಪಕ್ಕದ ಬೋರ್‌ವೆಲ್ ಎಷ್ಟು ಹೊತ್ತು ಎತ್ತುತ್ತದೆ ಎಂದು ಅಲ್ಲಿನವರನ್ನೇ ಕೇಳಿ. ಮಾರುವವರನ್ನಲ್ಲ.

ಇನ್ನು ಸದ್ದು. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಪಂಪ್‌ಸೆಟ್ಟೂ ರಾತ್ರಿಯೇ ಓಡುತ್ತದೆ. ಮಾರಿಹಬ್ಬದ ತಮಟೆಗೆ ಕಿವಿ ಮುಚ್ಚಿಕೊಳ್ಳುವವರು ಹಳ್ಳಿಗೆ ಹೋಗದಿರುವುದೇ ಒಳ್ಳೆಯದು. ಸಾವನದುರ್ಗದ ಸುತ್ತ ಚಿರತೆಗಳಿವೆ; ರಾತ್ರಿ ನಾಯಿಯನ್ನು ಹೊರಗೆ ಕಟ್ಟಬೇಡಿ.

ಪ್ರಶ್ನೆ: ನೆಲಮಂಗಲದಾಚೆ ಮನೆ ಕಟ್ಟಿ ವರ್ಷವಾಯಿತು. ಊರವರು ಮುಖ ಕೊಟ್ಟು ಮಾತಾಡುವುದಿಲ್ಲ. ನಾವೇನೂ ತೊಂದರೆ ಕೊಟ್ಟಿಲ್ಲ, ಭದ್ರತೆಗೆಂದು ಸುತ್ತ ಏಳಡಿ ಗೋಡೆ ಕಟ್ಟಿದ್ದೇವೆ ಅಷ್ಟೇ.
– ಓದುಗರು, ಬೆಂಗಳೂರು ಗ್ರಾಮಾಂತರ

ಉತ್ತರ: ಆ ಗೋಡೆ ಎಲ್ಲಿ ಹಾದಿದೆ? ದನ ಕೆರೆಗಿಳಿಯುವ ಜಾಡಿಗೆ ಅಡ್ಡವಾಗಿದ್ದರೆ ಅದೇ ತೊಂದರೆ. ಪಹಣಿಯಲ್ಲಿ 'ಬಿ ಖರಾಬು' ಎಂದಿರುವಷ್ಟು ಸಾರ್ವಜನಿಕರದು, ನಿಮ್ಮ ಕ್ರಯಪತ್ರದೊಳಗೆ ಬರುವುದಿಲ್ಲ. ಮೊದಲು ಅಳತೆ ಮಾಡಿಸಿ, ಒತ್ತಿದ್ದರೆ ನೀವಾಗಿಯೇ ಬಿಡಿ. ಹಾಲನ್ನು ನಗರದಿಂದ ಪ್ಯಾಕೆಟ್ ತರುವ ಬದಲು ಊರಿನ ಮನೆಯೊಂದರಿಂದ ಕೊಳ್ಳಿ, ರಾಗಿಯನ್ನೂ. ಮತದಾರರ ಪಟ್ಟಿಯಲ್ಲಿ ಅಲ್ಲಿಯೇ ಹೆಸರು ಸೇರಿಸಿ. ಆಗ ನೀವೂ ಗ್ರಾಮಸಭೆಯ ಸದಸ್ಯರು. ಮುಂದಿನ ಸಭೆಗೆ ಹೋಗಿ, ಮೊದಲ ಸಲ ಸುಮ್ಮನೆ ಕೂತು ಕೇಳಿ ಬನ್ನಿ.