ಐವರು ಸೇರಿ ಉದ್ಯಮ: ನಷ್ಟ ಬಂದರೆ ಯಾರ ತಲೆ ಮೇಲೆ?



ಉಳಿತಾಯ, ಆಂತರಿಕ ಸಾಲ, ಬ್ಯಾಂಕ್ ಲಿಂಕೇಜ್ ಎಲ್ಲಾ ನಿಮಗೆ ಗೊತ್ತಿರುವುದೇ. ಈಗ ಅನೇಕ ಸಂಘಗಳಲ್ಲಿ ನಾಲ್ಕೈದು ಸದಸ್ಯೆಯರು ಸೇರಿ ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರುತ್ತಾರೆ. ವ್ಯಾಪಾರ ಸಣ್ಣದಿದ್ದಾಗ ಬಾಯಿಮಾತೇ ಸಾಕು. ಯಂತ್ರವನ್ನು ಸಾಲಕ್ಕೆ ತಂದ ದಿನದಿಂದ ಲೆಕ್ಕ ಬೇರೆ.

ಲಾಭ ಹಂಚಿಕೊಳ್ಳೋಣ ಅಂತ ಒಪ್ಪಿ ಒಟ್ಟಿಗೆ ವ್ಯಾಪಾರ ಮಾಡಿದರೆ, ಕಾಗದ ಬರೆಯದಿದ್ದರೂ ಕಾನೂನು ಅದನ್ನು ಪಾಲುದಾರಿಕೆ ಅಂತಲೇ ನೋಡುತ್ತದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಉದ್ಯಮದ ಸಾಲಕ್ಕೆ ಪ್ರತಿಯೊಬ್ಬಳೂ ಪೂರ್ತಿ ಹೊಣೆ. ಹೀಗೆ ತಿಳಿಯಿರಿ: ಐವರು ತಲಾ 10,000 ರೂ. ಹಾಕಿದ್ದಾರೆ, ಸಾಲ 3 ಲಕ್ಷ ಇದೆ, ಮಳೆಗೆ ಸರಕು ಹಾಳಾಯಿತು. ಸಾಲ ಕೊಟ್ಟವರು ಐವರಲ್ಲಿ ಯಾರನ್ನು ಬೇಕಾದರೂ ಪೂರ್ತಿ ಹಣಕ್ಕೆ ಹಿಡಿಯಬಹುದು. ಮನೆ, ಜಮೀನು ಇರುವವಳನ್ನೇ ಹಿಡಿಯುತ್ತಾರೆ ಬಿಡಿ. 'ನನ್ನ ಪಾಲು 60,000 ಮಾತ್ರ' ಅಂದರೆ ಅಲ್ಲಿ ನಡೆಯೋದಿಲ್ಲ. ಮೊದಲು ಕಟ್ಟಬೇಕು, ಆಮೇಲೆ ಉಳಿದವರ ಹತ್ತಿರ ಕೇಳಿಕೊಳ್ಳಬೇಕು.

ಇದಕ್ಕೆ ಪರಿಹಾರವಾಗಿ 2008ರ ಕಾಯ್ದೆಯಲ್ಲಿ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಬಂತು. ಇದನ್ನು ಎಲ್‌ಎಲ್‌ಪಿ ಅನ್ನುತ್ತಾರೆ. ಇಬ್ಬರಿದ್ದರೆ ಸಾಕು, ಶುರು ಮಾಡಬಹುದು. ಇಲ್ಲಿ ಸಾಲ ಎಲ್‌ಎಲ್‌ಪಿಯದ್ದು. ನೀವು ಕೊಡುತ್ತೇನೆಂದು ಒಪ್ಪಿದ ಬಂಡವಾಳದಷ್ಟೇ ನಿಮ್ಮ ಹೊಣೆ. ಮೇಲಿನ ಐವರು ಎಲ್‌ಎಲ್‌ಪಿ ಮಾಡಿಕೊಂಡಿದ್ದರೆ ಹಾಕಿದ 10,000 ಹೋಗುತ್ತಿತ್ತು, ಮನೆ ಉಳಿಯುತ್ತಿತ್ತು.

ಆದರೆ ಒಂದು ಎಚ್ಚರಿಕೆ. ಸಾಲ ಕೊಡುವಾಗ ಬ್ಯಾಂಕಿನವರು 'ವೈಯಕ್ತಿಕ ಜಾಮೀನು' ಪತ್ರಕ್ಕೆ ಸಹಿ ಕೇಳಬಹುದು. ಸಹಿ ಹಾಕಿದಿರೋ, ಆ ಸಾಲದ ಮಟ್ಟಿಗೆ ಈ ರಕ್ಷಣೆ ಹೋಯಿತು. ಓದಿಸಿಕೊಳ್ಳದೆ ಸಹಿ, ಹೆಬ್ಬೆಟ್ಟು ಬೇಡ. ಮೋಸ ಮಾಡಿದವರಿಗೂ ಕಾನೂನು ರಕ್ಷಣೆ ಕೊಡುವುದಿಲ್ಲ.

ನೋಂದಣಿ ಕಂಪ್ಯೂಟರ್ ಮೂಲಕವೇ ಆಗುತ್ತದೆ. ಪ್ಯಾನ್, ಗುರುತಿನ ಚೀಟಿ, ವಿಳಾಸದ ದಾಖಲೆ, ಡಿಜಿಟಲ್ ಸಹಿ ಬೇಕು. ಬಂಡವಾಳ 1 ಲಕ್ಷದೊಳಗಿದ್ದರೆ ನೋಂದಣಿ ಶುಲ್ಕ 500 ರೂ. ಮಾತ್ರ, ಡಿಜಿಟಲ್ ಸಹಿ ಮತ್ತು ಲೆಕ್ಕಿಗರ ಖರ್ಚು ಬೇರೆ.

ನೋಂದಣಿಯಾದ 30 ದಿನದೊಳಗೆ ಕರಾರು ಪತ್ರ ಸಲ್ಲಿಸಬೇಕು. ಅಕ್ಕಂದಿರೇ, ಬೇರೆಯವರ ಕರಾರಿನ ನಕಲು ಮಾಡಿಸಬೇಡಿ, ಕೂತು ಮಾತಾಡಿ ಬರೆಸಿ. ಯಾಕೆಂದರೆ ಕರಾರಿನಲ್ಲಿ ಬರೆಯದ ವಿಷಯಕ್ಕೆ ಕಾಯ್ದೆಯ ನಿಯಮವೇ ಅನ್ವಯ: ಲಾಭ-ನಷ್ಟ ಎಲ್ಲರಿಗೂ ಸಮ, ಕೆಲಸಕ್ಕೆ ಸಂಬಳ ಯಾರಿಗೂ ಇಲ್ಲ. ಬೆಳಗಿನಿಂದ ಒಲೆ ಮುಂದೆ ನಿಂತವಳಿಗೂ, ಹಣ ಹಾಕಿ ಮನೆಯಲ್ಲಿ ಕೂತವಳಿಗೂ ಒಂದೇ ಪಾಲು! ಜಗಳ ಹುಟ್ಟುವುದು ಇಲ್ಲೇ. ಕೂಲಿ ಎಷ್ಟು, ಒಬ್ಬಳು ಬಿಟ್ಟು ಹೋದರೆ ಅವಳ ಹಣ ಯಾವಾಗ ವಾಪಸ್, ತೀರಿಕೊಂಡರೆ ಯಾರಿಗೆ ಎಂಬುದೆಲ್ಲಾ ಬರೆದಿರಲಿ.

ಪ್ರತಿ ವರ್ಷ ಮೇ 30ರೊಳಗೆ ವಾರ್ಷಿಕ ವರದಿ, ಅಕ್ಟೋಬರ್ 30ರೊಳಗೆ ಲೆಕ್ಕಪತ್ರ ಕೊಡಬೇಕು. ವ್ಯಾಪಾರ ನಡೆಯದ ವರ್ಷವೂ ಬಿಡುವಂತಿಲ್ಲ. ತಡವಾದಷ್ಟೂ ದಂಡ ಬೆಳೆಯುತ್ತದೆ. ಲಾಭಕ್ಕೆ ಮೊದಲ ರೂಪಾಯಿಯಿಂದಲೇ ಶೇ. 30 ಆದಾಯ ತೆರಿಗೆ ಇದೆ. ಹಾಗಾಗಿ ಸಾಲವಿಲ್ಲದೆ, ವಾರದ ಸಂತೆಯಲ್ಲಷ್ಟೇ ಮಾರುವವರು ಇದಕ್ಕೆ ಅವಸರ ಪಡುವುದು ಬೇಡ ಅಂತ ನಮ್ಮ ಅಭಿಪ್ರಾಯ. ಹಾಲು, ಕಾಳುಮೆಣಸು, ಜೇನು ಬೆಳೆಸುವ ಹತ್ತು ಮಂದಿ ಇದ್ದರೆ ಉತ್ಪಾದಕರ ಕಂಪನಿಯ ಬಗ್ಗೆಯೂ ವಿಚಾರಿಸಿ. ಅಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ.

ಕೊನೆಯದಾಗಿ, ಸಂಘದ ಉಳಿತಾಯದ ಹಣ ಮತ್ತು ಉದ್ಯಮದ ಹಣ ಒಂದೇ ಖಾತೆಯಲ್ಲಿ ಇಡಬೇಡಿ. ಉದ್ಯಮದಲ್ಲಿ ಇಲ್ಲದ ಸದಸ್ಯೆಯ ಉಳಿತಾಯ ಅದರಲ್ಲಿದೆ.

ವಾರದ ಸಭೆಯಲ್ಲಿ ಚರ್ಚಿಸಿ: ನಮ್ಮ ಉದ್ಯಮದ ಸಾಲ ಇವತ್ತು ಎಷ್ಟಿದೆ? ಯಾರ ಯಾರ ಸಹಿ ಎಲ್ಲೆಲ್ಲಿ ಬಿದ್ದಿದೆ?