ನಕ್ಷೆಯಲ್ಲಿ ನೀರಿನ ದಾರಿ ಎಲ್ಲಿದೆ?

ಧಾರವಾಡ ತಾಲ್ಲೂಕಿನ ಗರಗ ಎಂದೊಡನೆ ರಾಷ್ಟ್ರಧ್ವಜದ ಖಾದಿ ನೆನಪಾಗುತ್ತದೆ. ಆ ಬಟ್ಟೆಯ ಎಳೆಗಳಿಗೆ ಲೆಕ್ಕವಿದೆ, ತೂಕಕ್ಕೆ ಮಿತಿಯಿದೆ, ಭಾರತೀಯ ಮಾನಕ ಬ್ಯೂರೊದ ಮಾನದಂಡವಿದೆ. ಪರೀಕ್ಷೆ ಮುಗಿಯುವವರೆಗೆ ಅದು ಬರೀ ಬಟ್ಟೆ, ಧ್ವಜವಲ್ಲ. ಮೊದಲು ನೋಡಬೇಕು, ಆಮೇಲೆ ಹೊಲಿಯಬೇಕು ಎಂಬ ಈ ಕ್ರಮವನ್ನು ಮನೆ ಕಟ್ಟುವ ವಿಷಯದಲ್ಲಿ ಮಾತ್ರ ನಾವು ತಲೆಕೆಳಗು ಮಾಡಿಕೊಂಡಿದ್ದೇವೆ. ನಕ್ಷೆ ಎಂದರೆ ಅರ್ಜಿಗೆ ಲಗತ್ತಿಸುವ ಹಾಳೆ, ಪರವಾನಗಿ ಎಂದರೆ ಬ್ಯಾಂಕ್ ಸಾಲಕ್ಕೆ ಬೇಕಾಗುವ ಕಾಗದ ಎಂಬುದು ರೂಢಿಯ ತಿಳಿವಳಿಕೆ. ಕಾನೂನು ಇಟ್ಟುಕೊಂಡ ಉದ್ದೇಶ ಇದಕ್ಕಿಂತ ದೊಡ್ಡದು. ಕಟ್ಟುವವನ ತಪ್ಪು ಓಣಿಯ ತಪ್ಪಾಗುವ ಮೊದಲೇ ಅದನ್ನು ಕಾಗದದ ಮೇಲೆ ತಿದ್ದಲು ಊರಿಗೆ ಸಿಗುವ ಒಂದೇ ಅವಕಾಶ ನಕ್ಷೆಯ ಪರಿಶೀಲನೆ.

ಗರಗದಂಥ ಊರಿನಲ್ಲಿ ಈ ಅಧಿಕಾರ ಗ್ರಾಮ ಪಂಚಾಯ್ತಿಯದು. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಹೊಸ ಮನೆ ಕಟ್ಟಲಷ್ಟೇ ಅಲ್ಲ, ಇರುವ ಮನೆಗೆ ಏನಾದರೂ ಸೇರಿಸಲು, ಬದಲಾಯಿಸಲು ಕೂಡ ಪಂಚಾಯ್ತಿಯ ಲಿಖಿತ ಅನುಮತಿ ಬೇಕು. ಅರ್ಜಿ ತಲುಪಿದ 60 ದಿನಗಳೊಳಗೆ ಪಂಚಾಯ್ತಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಬಹುದು. ಆದರೆ ನಿಯಮ, ಉಪವಿಧಿಗಳನ್ನು ಮೀರಿ ಕಟ್ಟಲು ಅದು ರಹದಾರಿಯಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಗಡಿಯೊಳಗೆ 1976ರ ಪೌರ ನಿಗಮಗಳ ಅಧಿನಿಯಮ ನಡೆಯುತ್ತದೆ. ಅದರ 299ನೇ ಪ್ರಕರಣ ನಿವೇಶನದ ನಕ್ಷೆಯನ್ನೂ ಕಟ್ಟಡದ ನಕ್ಷೆಯನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಜಾಗ ಸರಿಯಿದೆಯೇ ಎಂಬುದು ಒಂದು ಪ್ರಶ್ನೆ, ಅದರ ಮೇಲೆ ಏಳುವ ಕಟ್ಟಡ ಸರಿಯಿದೆಯೇ ಎಂಬುದು ಇನ್ನೊಂದು. ಯೋಜನಾ ಪ್ರದೇಶದೊಳಗೆ ಬರುವ ಸರ್ವೆ ನಂಬರಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಡಿ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಹೊಲವಾಗಿದ್ದರೆ ಮೊದಲು ಎನ್.ಎ., ಅಂದರೆ ಕೃಷಿಯೇತರ ಜಮೀನು, ಆಗಬೇಕು. ಇಲ್ಲೊಂದು ಗೊಂದಲ ಬಿಡಿಸಬೇಕು. ಇ-ಸ್ವತ್ತಿನ ನಮೂನೆ 9 ಮತ್ತು 11 ಆಸ್ತಿಯ ದಾಖಲೆಗಳು. ಅವು ಕೈಯಲ್ಲಿವೆ ಎಂದ ಮಾತ್ರಕ್ಕೆ ಕಟ್ಟಡದ ಪರವಾನಗಿ ಸಿಕ್ಕಂತಾಗುವುದಿಲ್ಲ.

ನಿವೇಶನದ ನಕ್ಷೆ ಏನನ್ನು ತೋರಿಸಬೇಕು? ಸಾಮಾನ್ಯವಾಗಿ ಅದರಲ್ಲಿ ಚಕ್ಕುಬಂದಿ ಇರುತ್ತದೆ, ಉದ್ದಗಲ ಇರುತ್ತದೆ, ಸುತ್ತ ಬಿಟ್ಟ ಜಾಗದ ಅಳತೆ ಇರುತ್ತದೆ. ನೆಲದ ಮಟ್ಟ ಮಾತ್ರ ಇರುವುದಿಲ್ಲ. ಹಳೆಯ ಗಾವಠಾಣದ ಓಣಿಗಳಲ್ಲಿ ಕಣ್ಣಿಗೆ ಬೀಳುವ ಕಷ್ಟ ಹುಟ್ಟುವುದು ಇಲ್ಲಿಂದಲೇ. ಹೊಸದಾಗಿ ಕಟ್ಟುವವರು ರಸ್ತೆಗಿಂತ ಎರಡು ಅಡಿ ಎತ್ತರಕ್ಕೆ ತಳಪಾಯ ಏರಿಸುತ್ತಾರೆ. ಕೆಲವು ವರ್ಷಗಳಲ್ಲಿ ಹಳೆಯ ರಸ್ತೆಯ ಮೇಲೆಯೇ ಕಾಂಕ್ರೀಟ್ ಬೀಳುತ್ತದೆ, ರಸ್ತೆಯೂ ಏರುತ್ತದೆ. ಅದರಾಚೆ ಕಟ್ಟುವವರು ಇನ್ನೂ ಒಂದು ಅಡಿ ಮೇಲೆ ಹೋಗುತ್ತಾರೆ. ಕೊನೆಗೆ ಮಾಳಿಗೆಯ ಹಳೆಯ ಮನೆಯೊಂದು ತಗ್ಗಿನಲ್ಲಿ ಉಳಿದು, ಮುಂಗಾರಿನ ಮೊದಲ ದೊಡ್ಡ ಮಳೆಗೆ ಗಟಾರದ ನೀರು ಅದರ ಪಡಸಾಲೆಗೆ ನುಗ್ಗುತ್ತದೆ. ಇದರಲ್ಲಿ ಯಾರೊಬ್ಬರೂ ನಿಯಮ ಮುರಿದಿರಲಿಕ್ಕಿಲ್ಲ. ಪ್ರತಿ ಕಟ್ಟಡವನ್ನೂ ಒಂಟಿಯಾಗಿ ನೋಡಿದ್ದಷ್ಟೇ ತಪ್ಪು. ರಸ್ತೆಯ ಮಟ್ಟ, ಗಟಾರದ ತಳ, ತಾರಸಿಯ ನೀರು ಇಳಿಯುವ ದಿಕ್ಕು, ಪಕ್ಕದ ಮನೆಯ ಕಿಟಕಿ, ಇರುವ ಮರ, ಬಾವಿ — ಇಷ್ಟನ್ನು ಗುರುತಿಸಿದ ನಕ್ಷೆಯಿದ್ದರೆ ಪರಿಶೀಲಿಸುವವರಿಗೆ ಪ್ರಶ್ನೆ ಕೇಳಲು ಏನಾದರೂ ಸಿಗುತ್ತದೆ. ಎರೆಮಣ್ಣಿನ ನೆಲವಾದರೆ ಮಾತು ಇನ್ನೂ ಗಂಭೀರ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ ಮಣ್ಣಿನ ಮೇಲೆ ತಳಪಾಯದ ಬದಿಗೆ ನೀರು ನಿಲ್ಲಲು ಬಿಟ್ಟರೆ ಗೋಡೆ ಸೀಳುವುದು ಖಂಡಿತ. ಕಾಗದದ ಮೇಲೆ ಬಾಣದ ಗುರುತೊಂದನ್ನು ತಿರುಗಿಸಲು ಖರ್ಚಿಲ್ಲ, ಕಟ್ಟಿದ ಗೋಡೆಯನ್ನು ತಿರುಗಿಸಲಾಗದು.

ಕಾಗದಕ್ಕೂ ಕಟ್ಟಡಕ್ಕೂ ನಡುವೆ ಯಾರೂ ನಿಂತು ನೋಡದಿದ್ದರೆ ಏನಾಗಬಹುದೆಂದು ಧಾರವಾಡಕ್ಕೆ ಹೇಳಿಕೊಡಬೇಕಾಗಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. ಅಂಥ ದುರಂತವನ್ನು ನಕ್ಷೆಯ ಪರಿಶೀಲನೆಯೊಂದೇ ತಡೆಯುತ್ತದೆ ಎನ್ನಲಾಗದು, ಸ್ಥಳದ ತಪಾಸಣೆಯೂ ಜೊತೆಗಿರಬೇಕು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಕೊಟ್ಟ ತೀರ್ಪು ಇವೆರಡನ್ನೂ ಸೇರಿಸಿಯೇ ಮಾತಾಡುತ್ತದೆ. ಮಂಜೂರಾದ ನಕ್ಷೆಯ ಪ್ರತಿ ಕೆಲಸ ಮುಗಿಯುವವರೆಗೂ ಸ್ಥಳದಲ್ಲಿ ಎದ್ದು ಕಾಣುವಂತಿರಬೇಕು; ಅಧಿಕಾರಿಗಳು ಆಗಾಗ ಬಂದು ನೋಡಿ ಅದನ್ನು ದಾಖಲಿಸಬೇಕು ಎಂದು ಅದು ನಿರ್ದೇಶಿಸಿದೆ. ದಾರಿಹೋಕನೂ ನಿಂತು ನಕ್ಷೆ ಓದಬಹುದು ಎಂಬುದು ಸಣ್ಣ ಮಾತಲ್ಲ.

ಆದರೆ ನೆರೆಯವರಿಗೆ ಮೊದಲೇ ತಿಳಿಸುವ ಪದ್ಧತಿ ನಮ್ಮಲ್ಲಿ ಅರ್ಧಂಬರ್ಧ. ಇಡೀ ಊರಿನ ಮಹಾಯೋಜನೆಗೆ ಆಕ್ಷೇಪಣೆ ಸಲ್ಲಿಸಲು ಜನರಿಗೆ ಕಾಲಾವಕಾಶವಿದೆ. ಭೂ ಉಪಯೋಗ ಬದಲಿಸುವುದಾದರೆ 1961ರ ಯೋಜನಾ ಅಧಿನಿಯಮದ 14-ಎ ಪ್ರಕರಣದಂತೆ ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಪಕ್ಕದ ಖುಲ್ಲಾ ಜಾಗದಲ್ಲಿ ಏಳುವ ಮನೆಯ ನಕ್ಷೆಗೆ ಅಂಥ ಪ್ರಕಟಣೆ ಕಾಣುವುದಿಲ್ಲ. ಇಂಗ್ಲೆಂಡಿನಲ್ಲಿ ಇಂಥ ಅರ್ಜಿಗಳ ಸಾರ್ವಜನಿಕ ವಹಿಯಿದ್ದು, ನೆರೆಯವರ ಅಭಿಪ್ರಾಯಕ್ಕೆ ಸಾಮಾನ್ಯವಾಗಿ 21 ದಿನ ಕೊಡುತ್ತಾರೆ. ಇಲ್ಲಿ ನಾವೇ ಎದ್ದು ಹೋಗಿ ಕೇಳಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ನಕ್ಷೆಯ ಪ್ರತಿ ಕೇಳಬಹುದು, ಕಡತವನ್ನು ಪರಿಶೀಲಿಸಲೂ ಕೋರಬಹುದು; 30 ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ‘ಮೂರನೆಯವರ ಮಾಹಿತಿ’ ಎಂದು ತಳ್ಳಿಹಾಕುವ ಸಾಧ್ಯತೆ ಇರುವುದರಿಂದ, ಗಟಾರ ಅಥವಾ ಸಾರ್ವಜನಿಕ ದಾರಿಗೆ ಆಗುವ ತೊಂದರೆಯನ್ನು ಅರ್ಜಿಯಲ್ಲೇ ಬರೆಯುವುದು ಜಾಣತನ. ಗಾಳಿ-ಬೆಳಕಿನ ಮಾತು ಬೇರೆ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯಂತೆ 20 ವರ್ಷ ಅಡ್ಡಿಯಿಲ್ಲದೆ ಅನುಭವಿಸಿದ ಬೆಳಕಿಗೆ ಸಿವಿಲ್ ಕೋರ್ಟಿನಲ್ಲಿ ರಕ್ಷಣೆಯುಂಟು. ಧಾರವಾಡ ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲೇ, 1891ರಲ್ಲಿ, ಆ ಕಾಯ್ದೆ ಇಲ್ಲಿಗೆ ಬಂದದ್ದು.

ಪರಿಶೀಲನೆ ಬಿಗಿಯಾದಷ್ಟೂ ಮೇಜಿನ ಕೆಳಗಿನ ವ್ಯವಹಾರ ಬೆಳೆಯುತ್ತದೆ ಎಂಬ ಆಕ್ಷೇಪಣೆಯನ್ನು ಹಗುರವಾಗಿ ಕಾಣಲಾರೆ. ಲಂಚ ಬೆಳೆಯುವುದು ಅಧಿಕಾರಿ ಏನನ್ನು ನೋಡುತ್ತಾನೆಂಬುದು ಅರ್ಜಿದಾರನಿಗೆ ಗೊತ್ತಿಲ್ಲದಿದ್ದಾಗ, ಯಾವಾಗ ಮುಗಿಯುತ್ತದೆಂಬುದು ಇಬ್ಬರಿಗೂ ಗೊತ್ತಿಲ್ಲದಿದ್ದಾಗ. ಮೊದಲನೆಯದಕ್ಕೆ ಪ್ರಶ್ನೆಗಳ ಪಟ್ಟಿಯನ್ನು ಪಂಚಾಯ್ತಿಯ ಗೋಡೆಗೆ ಹಚ್ಚಬಹುದು. ಎರಡನೆಯದಕ್ಕೆ 60 ದಿನದ ಗಡುವಿದೆ. ರಾಜ್ಯದ ‘ಸಕಾಲ’ ಕಾಯ್ದೆಯಲ್ಲಿ ನಮೂದಾದ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವಿದೆ. ದೊಡ್ಡ ಮೊತ್ತವೇನಲ್ಲ, ಆದರೆ ವಿಳಂಬ ಯಾರದೆಂದು ದಾಖಲಾಗುತ್ತದೆ. ಬಡವರು ಆರ್ಕಿಟೆಕ್ಟರಿಗೆ ಎಲ್ಲಿಂದ ಹಣ ತರಬೇಕು ಎಂಬುದು ಇನ್ನೊಂದು ಪ್ರಶ್ನೆ. ಮಟ್ಟ, ಬಾಣ, ಕಿಟಕಿ ಗುರುತಿಸಲು ಗೌಂಡಿಯ ಟ್ಯೂಬ್ ಲೆವೆಲ್ ಸಾಕು. ಇನ್ನು ಅಂದದ ಮಾತು: ದೆಹಲಿಯಲ್ಲಿ 1973ರ ಕಾಯ್ದೆಯಿಂದ ನಗರ ಕಲಾ ಆಯೋಗವೇ ಇದೆ, ಕಟ್ಟಡದ ರೂಪವನ್ನೂ ನೋಡುತ್ತದೆ. ಗರಗಕ್ಕೆ ಅದು ಬೇಡ ಎನ್ನುವವರೊಂದಿಗೆ ನಾನೂ ಇದ್ದೇನೆ. ಮನೆಗೆ ಯಾವ ಬಣ್ಣ ಬಳಿಯಬೇಕೆಂದು ಪಿಡಿಒ ಹೇಳಬಾರದು, ನೀರು ಯಾವ ಕಡೆ ಹೋಗುತ್ತದೆಂದು ಮಾತ್ರ ಕೇಳಲೇಬೇಕು.

ಈ ಪ್ರಶ್ನೆಗಳ ಪಟ್ಟಿಯನ್ನು ಬೇಡಲು ಗ್ರಾಮಸಭೆ ಸರಿಯಾದ ಜಾಗ. ಬೇಡಿಕೆ ಸಭೆಯ ನಡಾವಳಿಯಲ್ಲಿ ಬರಹವಾಗಿ ಸೇರಿದೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು. ಸ್ವಂತ ಮನೆಗೆ ಅರ್ಜಿ ಹಾಕುವವರು ಮಟ್ಟ ಗುರುತಿಸಿದ ನಕ್ಷೆಯ ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖು ಹಾಕಿದ ಸ್ವೀಕೃತಿ ಪಡೆಯಲಿ. 60 ದಿನದ ಎಣಿಕೆ ಶುರುವಾಗುವುದು ಆ ತಾರೀಖಿನಿಂದ.